ಬೆನ್ನ ಹಿಂದಿನ ಗಂಟು

ನವೆಂಬರ್ 2, ಬುಧವಾರ

ಮೂಡಣ ಗಾಳಿ, ಜೋರಿಲ್ಲ. ಕಡಲಲ್ಲಿ ಇಳಿಬಿಟ್ಟ ಗಡಿಗೆಗಳಲ್ಲಿ ನಾಲ್ಕು ಆಕ್ಟೋಪಸ್. ಒಂದು ತೀರ ಮರಿ, ನೀರಿಗೆ ಎಸೆದೆ.

ಹನ್ನೊಂದನೇ ವಯಸ್ಸಿಗೆ ಅಪ್ಪ ನನ್ನನ್ನು ಶಾಲೆಯಿಂದ ಎಬ್ಬಿಸಿ ರಯೀಸ್ ಫರ್ಹಾತನ ದೋಣಿಗೆ ಹಾಕಿದ. ರಯೀಸ್ ಅಂದರೆ ನಮ್ಮಲ್ಲಿ ದೋಣಿಯ ಯಜಮಾನ. ಅವನು, ದೇವರು ಅವನಿಗೆ ಕರುಣೆ ತೋರಲಿ, ನನಗೆ ಕಲಿಸಿದ್ದು ಎರಡೇ. ಸ್ಪಂಜು ಕೀಳಲು ಮುಳುಗುವವನ ಹಗ್ಗ ಹಿಡಿಯುವುದು, ದಿನಾ ಗಾಳಿ ಬರೆದಿಡುವುದು. ಹಗ್ಗ ಬಿಟ್ಟು ಎಷ್ಟೋ ವರ್ಷವಾಯಿತು, ಗಾಳಿ ಬರೆಯುವುದು ಬಿಟ್ಟಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಬಯ್ಯಲು ಯಾರೂ ಇಲ್ಲ, ಹಾಗಾಗಿ ಗಾಳಿಯ ಕೆಳಗೆ ಬೈಗುಳವನ್ನೂ ಬರೆಯುತ್ತೇನೆ.

ಇವತ್ತು ಬಯ್ಯಬೇಕಾದ್ದು ನಮ್ಮ ಬೀದಿಯ ಮಬ್ರೂಕಾಳ ಮೊಮ್ಮಗಳು ಯುಸ್ರಾಳನ್ನು. ನಮ್ಮ ದ್ವೀಪದಿಂದ ಆಚೆ ದಡದ ಸ್ಫಾಕ್ಸ್ ಪಟ್ಟಣದಲ್ಲಿ ಕಂಪ್ಯೂಟರ್ ಆಟ ತಯಾರಿಸುತ್ತಾಳಂತೆ. ಇಪ್ಪತ್ತಾರು ವರ್ಷದ ಹೆಂಗಸು, ಆಟ ಮಾಡಿಕೊಂಡು ಸಂಬಳ ತಗೊಳ್ಳುತ್ತಾಳೆ. ಬೆಳಗಿನ ಫೆರಿಗೆ ಬಂದವಳು ಅಜ್ಜಿಯ ಮನೆಗೆ ಚೀಲ ಎಸೆದು ನೇರ ನನ್ನ ಅಂಗಳಕ್ಕೆ ಬಂದಳು.

"ಅಜ್ಜಾ, ನೀವು ರಯೀಸ್ ಫರ್ಹಾತನ ದೋಣೀಲಿ ಇದ್ರಂತಲ್ಲ?"

"ಇದ್ದೆ. ಏನೀಗ?"

"ಆ ದೋಣಿಯವರಲ್ಲಿ ಉಳ್ಕೊಂಡಿರೋದು ನೀವೊಬ್ರೇ."

"ಅದಕ್ಕೆ ನನ್ನ ಮೇಲೆ ಸಿಟ್ಟಾ?"

ನಕ್ಕಳು. ನಗು ಅವಳ ತಾತನದು, ಒಂದು ಕಡೆ ಬಾಯಿ ಮಾತ್ರ ಏಳುತ್ತದೆ. ಅವಳ ತಾತ ಲಜ್‌ಹರ್, ಮಬ್ರೂಕಾಳ ಗಂಡ. ನಮ್ಮ ದೋಣಿಯಿಂದ ಮುಳುಗಿದವನು, ಮೇಲೆ ಬರಲಿಲ್ಲ.

ಆಟ ಏನಪ್ಪಾ ಅಂದರೆ, ಕಣ್ಣಿಗೆ ಒಂದು ಡಬ್ಬಿ ಕಟ್ಟಿಕೊಳ್ಳಬೇಕು, ಕಟ್ಟಿಕೊಂಡರೆ ಅದರೊಳಗೇ ಇದ್ದ ಹಾಗೆ. ಒಂದು ದ್ವೀಪ, ಮಂಜು, ಖಾಲಿ ಮನೆಗಳು. ನಲವತ್ತು ವರ್ಷದ ಹಿಂದೆ ಒಬ್ಬ ಮುಳುಗುಗಾರ ಕಾಣೆಯಾಗಿದ್ದಾನೆ. ಆಡುವವನು ಸುಳಿವು ಹುಡುಕುತ್ತಾ ಹೋಗಿ, ಕೊನೆಗೆ ತಾನೇ ನೀರಿಗಿಳಿದು, ಅವನಿಗೆ ಏನಾಯಿತೆಂದು ಕಂಡುಹಿಡಿಯಬೇಕು.

"ಏನಾಯ್ತು ಅಂತ ಊರಿಗೆಲ್ಲ ಗೊತ್ತಲ್ಲ. ಸೊಂಟದ ಹಗ್ಗ ತಾನೇ ಬಿಚ್ಕೊಂಡ" ಅಂದೆ.

ಅವಳು ತಲೆ ತಗ್ಗಿಸಿದಳು. "ಹೌದು. ಆಟದಲ್ಲೂ ಹಾಗೇ ಇದೆ. ಆದ್ರೆ ನೋಡೋರಿಗೆ ಸಮುದ್ರ ನಿಜ ಅನ್ನಿಸ್ಬೇಕು. ತಪ್ಪಿದ್ರೆ ಹೇಳಿ. ಬಯ್ದೇ ಹೇಳಿ, ಪರವಾಗಿಲ್ಲ."

ಹೋಗುವಾಗ ಅಂಗಳದ ಹಗ್ಗ ನೋಡಿದಳು. ನಾನು ಆಕ್ಟೋಪಸ್ ಒಣಹಾಕುವ ಹಗ್ಗ. "ಎಷ್ಟು ಚೆನ್ನಾಗಿ ಸವೆದಿದೆ! ಆಟಕ್ಕೆ ಇದರ ಫೋಟೋ ತಗೊಳ್ತೀನಿ" ಅಂದಳು. ಬೇಡ ಅನ್ನುವಷ್ಟರಲ್ಲಿ ಫೋನು ಹಿಡಿದಾಗಿತ್ತು.

ನವೆಂಬರ್ 4, ಶುಕ್ರವಾರ

ಗಾಳಿ ಇಲ್ಲ.

ಡಬ್ಬಿ ಕಟ್ಟಿಕೊಂಡೆ. ಎರಡು ಕೈಗೆ ಎರಡು ಹಿಡಿ ಕೊಟ್ಟಳು. ಒತ್ತಿದರೆ ಒಳಗಿನ ಕೈ ಮುಷ್ಟಿ ಕಟ್ಟುತ್ತದೆ. ಒಳಗಿನ ಕೈ ನನ್ನದಲ್ಲ, ಎಳೆಯದು, ಗಾಯದ ಗುರುತಿಲ್ಲ.

ಮಂಜು ಚೆನ್ನಾಗಿ ಮಾಡಿದ್ದಾಳೆ, ಒಪ್ಪಬೇಕು. ತಾಳೆಮರಗಳು ಬುಡ ಕಾಣದೆ ನಿಂತಿದ್ದವು. ಒಂದು ಮನೆಯ ಬಾಗಿಲು ತಳ್ಳಿದೆ. ಮೇಜಿನ ಮೇಲೆ ಅರ್ಧ ರೊಟ್ಟಿ, ಗೋಡೆಯಲ್ಲಿ ಖಾಲಿ ಮೊಳೆ. ಯಾರೋ ಈಗಷ್ಟೇ ಎದ್ದು ಹೋದ ಹಾಗಿತ್ತು. "ಯಾರ್ರೀ ಒಳಗೆ?" ಅಂತ ಕೂಗಿದೆ. ಹುಡುಗಿ ಬಿದ್ದು ಬಿದ್ದು ನಕ್ಕಳು.

ಕಡಲಂಚಿಗೆ ಬಂದಾಗ ನಿಂತೆ. "ಇಳೀರಿ ಅಜ್ಜಾ" ಅಂದಳು. ಡಬ್ಬಿ ಕಿತ್ತು ಮೇಜಿನ ಮೇಲಿಟ್ಟೆ. ತಲೆ ತಿರುಗುತ್ತದೆ ಅಂದೆ.

ಸಾಸಿಯ ಕಾಫಿ ಅಂಗಡಿಯಲ್ಲಿ ಆಗಲೇ ಸುದ್ದಿ. "ಏನು ಖ್ಮೈಸ್, ಕಣ್ಣಿಗೆ ಬಾಣಲೆ ಕಟ್ಕೊಂಡು ಕುಣೀತಿದೀಯಂತೆ? ಅದರೊಳಗಾದ್ರೂ ನೀರಿಗಿಳಿದ್ಯೋ, ಇಲ್ಲ ಅಲ್ಲೂ ಚಪ್ಪಲಿ ಒಣಗಿಸ್ಕೊಂಡು ಕೂತ್ಯೋ?" ಐವತ್ತು ವರ್ಷದಿಂದ ಇವನದು ಇದೇ ಹಾಸ್ಯ. ನಾನು ನೀರಿಗಿಳಿಯದ ಮೀನುಗಾರ. ಮಕ್ಕಳು ಮೊಣಕಾಲುದ್ದ ನೀರಲ್ಲಿ ನಡೆದು ಇಡುವ ಗಡಿಗೆಯನ್ನು ನಾನು ದೋಣಿಯಲ್ಲಿ ಹೋಗಿ ಇಡುತ್ತೇನೆ. ಅದರಲ್ಲಿ ನಗುವಂಥದ್ದೇನಿದೆ? ನಿನ್ನ ಕಾಫಿಯೂ ನೀರೇ, ಅದರಲ್ಲಿ ನೀನೇ ಮುಳುಗು ಅಂದೆ.

ನವೆಂಬರ್ 9, ಬುಧವಾರ

ತೆಂಕಣ ಗಾಳಿ, ಧೂಳು.

ಇಡೀ ಬೆಳಗ್ಗೆ ಹುಡುಗಿಗೆ ಪಾಠ. ನಾನು ಪರದೆಯ ಮೇಲೆ ನೋಡುವುದು, ಅವಳು ಬರೆದುಕೊಳ್ಳುವುದು. ದೋಣಿಯ ಮೂತಿ ತಪ್ಪು. ಗಾಳಿಯ ಯಂತ್ರ, ಅದೇ ಕೆಳಗಿರುವವನಿಗೆ ಕೊಳವೆಯಲ್ಲಿ ಉಸಿರು ಕಳಿಸುವುದು, ಅದರ ಸದ್ದು ತಪ್ಪು. ಇವಳು ಹೊಲಿಗೆ ಯಂತ್ರದ ಸದ್ದು ಹಾಕಿದ್ದಾಳೆ. ಅದು ಕೆಮ್ಮುವ ಮುದುಕನ ಹಾಗೆ ಇರಬೇಕು.

"ಹಗ್ಗ ಕೆಳಗೆ ಬಂಡೆಗೆ ಸಿಕ್ಕಾಕ್ಕೊಂಡ್ರೆ ಏನ್ಮಾಡ್ತಿದ್ರಿ?" ಅಂತ ಕೇಳಿದಳು.

"ಹಗ್ಗ ಹಿಡಿದೋನು ಇಳೀಬೇಕು. ಅದು ಕಾಯಿದೆ. ಎರಡನೇ ಮುಖವಾಡ ಅವನ ಕಾಲ ಹತ್ರಾನೇ ಇರುತ್ತೆ."

"ನೀವು ಇಳಿದಿದ್ರಾ?"

"ಹದಿನೆಂಟು ವರ್ಷ ಹಗ್ಗ ಹಿಡಿದಿದೀನಿ. ನನ್ನ ಕೈಲಿ ಸಿಕ್ಕಾಕ್ಕೊಂಡೇ ಇಲ್ಲ. ಮುಂದಿಂದು ತೋರ್ಸು."

ಮುಂದಿನದು ತೋರಿಸಿದಳು. ಮುಳುಗುಗಾರ ದೋಣಿಯಂಚಿನಲ್ಲಿ ಕೂತಿದ್ದಾನೆ, ಸೊಂಟದ ಹಗ್ಗದ ಗಂಟು ಹೊಟ್ಟೆಯ ಮೇಲೆ! ನನಗೆ ಪಿತ್ತ ನೆತ್ತಿಗೇರಿತು.

"ಯಾವ ಕತ್ತೆ ಹೇಳಿದ್ದು ನಿಂಗೆ? ಗಂಟು ಮುಂದೆ ಕಟ್ತಾರಾ ಯಾರಾದ್ರೂ? ಹನ್ನೆರಡು ಮಾರು ಕೆಳಗೆ ಹೋದೋನಿಗೆ ತಲೆ ಕೆಡುತ್ತೆ. ಕುಡಿದೋರ ಹಾಗೆ ನಗ್ತಾ ಗಂಟು ಬಿಚ್ಚಿ ಎಸೀತಾನೆ. ಅದಕ್ಕೇ ಬೆನ್ನ ಹಿಂದೆ, ಅವನ ಕೈಗೆ ಎಟುಕದ ಕಡೆ, ಹಗ್ಗ ಹಿಡಿಯೋನೇ ಕಟ್ಟೋದು. ಅದು ನಾವು ಕಲಿತ ಮೊದಲನೇ ಪಾಠ!"

"ಚಾಕು ಇರಲ್ವಾ ಅವರ ಹತ್ರ?"

"ತಲೆ ಕೆಡೋನ ಕೈಗೆ ಚಾಕು ಯಾರು ಕೊಡ್ತಾರೆ? ಒಂದು ಮೊಂಡು ಕೊಕ್ಕೆ, ಒಂದು ಬಲೆ ಚೀಲ. ಅಷ್ಟೆ."

ಅವಳನ್ನು ಎಬ್ಬಿಸಿ ನಿಲ್ಲಿಸಿ, ದುಪಟ್ಟಾದಲ್ಲೇ ಆ ಗಂಟು ಕಟ್ಟಿ ತೋರಿಸಿದೆ. ಬಿಚ್ಚು ನೋಡೋಣ ಅಂದೆ. ಕೈ ತಿರುಗಿಸಿ, ಮೈ ತಿರುಗಿಸಿ ಒದ್ದಾಡಿದಳು. ಆಗಲಿಲ್ಲ. ಬೆರಳು ಇನ್ನೂ ಮರೆತಿಲ್ಲ. ಅಷ್ಟು ವರ್ಷವಾದರೂ ಒಂದೇ ಸಲಕ್ಕೆ ಬಿತ್ತು.

ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಕೆಳಗೆ ಎರಡು ಗೆರೆ ಎಳೆದಳು.

ನವೆಂಬರ್ 10, ಗುರುವಾರ

ತೆಂಕಣ ಗಾಳಿಯೇ. ನಿನ್ನೆ ಬಾಯಿ ಹೆಚ್ಚಾಯಿತು.

ನವೆಂಬರ್ 15, ಮಂಗಳವಾರ

ಗಾಳಿ ನೋಡಲಿಲ್ಲ.

ಹುಡುಗಿ ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗಿದ್ದಳು. ಡಬ್ಬಿ ನನ್ನ ಮೇಜಿನ ಮೇಲೆ. ಯಾರೂ ನೋಡುವವರಿಲ್ಲ ಅಂತ ಕಟ್ಟಿಕೊಂಡೆ. ಕಡಲಂಚಿಗೆ ಹೋದೆ. ಕುರ್ಚಿಯನ್ನು ಎರಡೂ ಕಾಲಿನಿಂದ ಗಟ್ಟಿಯಾಗಿ ಹಿಡಿದು, ಇಳಿದೆ.

ಅರವತ್ತೆಂಟು ವರ್ಷ ಬದುಕಿದ ಸಮುದ್ರ, ಅದರ ಒಳಗು ಇವತ್ತು ನೋಡಿದೆ.

ಮೇಲಿನಿಂದ ನೋಡಿದರೆ ಕೆಳಗೆ ಕಪ್ಪು ಅಂದುಕೊಂಡಿದ್ದೆ. ಕಪ್ಪಲ್ಲ. ಹಸಿರು, ಆಮೇಲೆ ಬೂದಿ, ಅದರ ಕೆಳಗೆ ಹೆಸರಿಲ್ಲದ ಒಂದು ಬಣ್ಣ. ಹುಲ್ಲು ಬಾಗುತ್ತದೆ, ಏಳುತ್ತದೆ. ಕಿವಿಯಲ್ಲಿ ನನ್ನದೇ ಉಸಿರು. ತಲೆ ಎತ್ತಿದೆ. ದೂರದಲ್ಲಿ ದೋಣಿಯ ಹೊಟ್ಟೆ, ಅಂಗೈಯಷ್ಟು. ಕೆಳಗಿನಿಂದ ನಾವು ಅಷ್ಟೇ ಕಾಣುತ್ತಿದ್ದೆವು ಅಂತ ನನಗೆ ಗೊತ್ತಿರಲಿಲ್ಲ.

ಆ ದೋಣಿಯಿಂದ ಹಗ್ಗ ಇಳಿದು ಬಂದಿತ್ತು. ಹತ್ತಿರ ಹೋದೆ. ಸವೆದ ಎಳೆ, ಮಾಸಿದ ಕೆಂಪು ಬಟ್ಟೆಯ ಚೂರು ಕಟ್ಟಿದ ಗುರುತು. ನನ್ನ ಅಂಗಳದ ಹಗ್ಗ. ಅದನ್ನೇ ಅಲ್ಲಿ ಇಳಿಬಿಟ್ಟಿದ್ದಾಳೆ.

ಕುರ್ಚಿಯಿಂದ ಬಿದ್ದೆ. ಮೊಣಕೈ ಬಾತಿದೆ. ಅಂಗಿ ಒದ್ದೆ, ಬೆವರು.

ಸಂಜೆ ಆ ಹಗ್ಗ ಬಿಚ್ಚಿ ಪೆಟ್ಟಿಗೆಗೆ ಹಾಕಿದೆ. ಆಕ್ಟೋಪಸ್‌ಗಳನ್ನು ಗೋಡೆಯ ಮೇಲೆ ಹರಡಿದೆ. ಬೆಕ್ಕು ಒಂದನ್ನು ಎಳೆದುಕೊಂಡು ಹೋಯಿತು.

ನವೆಂಬರ್ 18, ಶುಕ್ರವಾರ

ಬಡಗಣ ಗಾಳಿ.

ನಮಾಜು ಮುಗಿಸಿ ಬಂದರೆ ಯುಸ್ರಾ ಬಾಗಿಲಲ್ಲಿ ಕೂತಿದ್ದಳು. ನಗಲಿಲ್ಲ.

"ಅಜ್ಜಾ, ಒಂದು ವಾರದಿಂದ ನಿದ್ದೆ ಇಲ್ಲ ನಂಗೆ. ಗಂಟು ಬೆನ್ನ ಹಿಂದೆ ಕಟ್ತಿದ್ರೆ, ತಾತ ಹೇಗೆ ಬಿಚ್ಕೊಂಡ?"

ಹಲ್ಲಿನ ಕೆಳಗೆ ಮರಳು ಸಿಕ್ಕ ಹಾಗಾಯಿತು. "ಅವತ್ತು ಮುಂದೆ ಕಟ್ಟಿದ್ದೆ" ಅಂದೆ.

"ಯಾವ ಕತ್ತೆ ಮುಂದೆ ಕಟ್ತಾನೆ ಅಂತ ನೀವೇ ಬೈದ್ರಿ."

"ಅವನೇ ಕೇಳ್ಕೊಂಡ!"

"ಯಾಕೆ?"

"ಪೊಲೀಸಾ ನೀನು? ನಿನ್ನ ತಾತ ಆಸೆಬುರುಕ, ಹಗ್ಗಕ್ಕೆಟುಕದ ಸ್ಪಂಜಿಗೆ ಕೈ ಚಾಚಿದ, ಸತ್ತ. ಎದ್ದೇಳು! ಆ ಬೊಂಬೆ ಆಟ ಇನ್ನು ನನ್ನ ಮನೆಗೆ ತರಬೇಡ!"

ಎದ್ದಳು. ಬಾಗಿಲಲ್ಲಿ ನಿಂತು ಹೇಳಿದಳು: "ನಮ್ಮಮ್ಮನ ಮದುವೇಲಿ ಗಂಡಿನ ಕಡೆಯೋರು 'ಬಿಚ್ಕೊಂಡವನ ಮಗಳು' ಅಂದ್ರಂತೆ. ನನ್ನ ಶಾಲೇಲೂ ಅಂದ್ರು. ನಾನು ಆಟ ಮಾಡಿದ್ದು ಆಡೋಕಲ್ಲ ಅಜ್ಜಾ."

ಡಬ್ಬಿ ಇಲ್ಲೇ ಮರೆತು ಹೋಗಿದ್ದಾಳೆ. ಮರೆತಳೋ, ಬಿಟ್ಟಳೋ.

ನವೆಂಬರ್ 19

ಗಾಳಿ ಇದೆ.

ನವೆಂಬರ್ 21

ಗಡಿಗೆ ಎತ್ತಲು ಹೋಗಲಿಲ್ಲ. ಡಬ್ಬಿ ಕಟ್ಟಿಕೊಂಡು ಎರಡು ಸಲ ಇಳಿದೆ.

ನವೆಂಬರ್ 22

ಮೂರು ಸಲ. ಕುರ್ಚಿ ಹಿಡಿಯದೆ.

ನವೆಂಬರ್ 24, ಗುರುವಾರ

ಪಡುವಣ ಗಾಳಿ, ತಣ್ಣಗೆ.

ಲಲ್ಲಾ ಮಬ್ರೂಕಾ, ಗೌರವಕ್ಕೆ ಹೆಂಗಸರನ್ನು ನಾವು ಹಾಗೆ ಕರೆಯುವುದು, ತಾನೇ ಬಂದಳು. ಬಾರ್ಲಿ ರೊಟ್ಟಿ ತಂದಿದ್ದಳು, ಬಟ್ಟೆಯಲ್ಲಿ ಸುತ್ತಿ, ಇನ್ನೂ ಬಿಸಿ. ಮಂಡಿನೋವು, ಹೊಸ್ತಿಲಲ್ಲೇ ಕೂತಳು.

"ಆ ಹುಡುಗಿ ನಿನ್ನ ಹತ್ರ ಜೋರು ಮಾತಾಡಿದ್ಲಂತೆ. ಮನಸ್ಸಿಗೆ ಹಚ್ಕೋಬೇಡ ಖ್ಮೈಸ್. ಕ್ಷಮಿಸ್ಬಿಡು ಅವಳನ್ನ."

ಅವಳು ನನ್ನಲ್ಲಿ ಕ್ಷಮೆ ಕೇಳಿದಳು. ಬರೆದಿಡುತ್ತೇನೆ, ಅವಳು ನನ್ನಲ್ಲಿ.

"ಸತ್ತವನ ಹಿಂದೆ ಬಿದ್ದಿದಾಳೆ" ಅಂದಳು. "ಅವನು ಎರಡು ಸ್ಪಂಜಿನ ಆಸೆಗೆ ನನ್ನನ್ನೂ ಏಳು ವರ್ಷದ ಮಗಳನ್ನೂ ಬಿಟ್ಟು ಹೋದ. ತನ್ನ ಜೀವಾನ ತಾನೇ ಕಳ್ಕೊಂಡ. ಅವನಿಗೋಸ್ಕರ ಯಾಕೆ ಕಣ್ಣು ಕೆಡಿಸ್ಕೊಳ್ತೀಯೇ ಅಂತ ನಾನೂ ಹೇಳ್ದೆ."

ನಮ್ಮಲ್ಲಿ ಸತ್ತವರ ಹೆಸರೆತ್ತಿದರೆ, ಎಂಥ ಕಳ್ಳನೇ ಇರಲಿ, 'ದೇವರು ಅವನಿಗೆ ಕರುಣೆ ತೋರಲಿ' ಅನ್ನದೆ ಬಾಯಿ ಮುಚ್ಚುವುದಿಲ್ಲ. ಮಬ್ರೂಕಾ ಅನ್ನಲಿಲ್ಲ. ಊರಲ್ಲಿ ಯಾರೂ ಅನ್ನುವುದಿಲ್ಲ. ಸಮುದ್ರದಲ್ಲಿ ಹೋದ ಮುಳುಗುಗಾರರ ಹಗ್ಗಗಳನ್ನು ಸಂತ ಸೀದಿ ಖಲೀಫನ ಗೋರಿಯ ಗೋಡೆಗೆ ತೂಗುಹಾಕುತ್ತಾರೆ. ಹನ್ನೊಂದು ಹಗ್ಗಗಳಿವೆ. ಲಜ್‌ಹರನದಿಲ್ಲ. ಬಿಚ್ಚಿಕೊಂಡವನಿಗೆ ಆ ಗೋಡೆಯಲ್ಲಿ ಜಾಗ ಎಲ್ಲಿ?

ರೊಟ್ಟಿ ತಿನ್ನಲಾಗಲಿಲ್ಲ.

ನವೆಂಬರ್ 27, ಭಾನುವಾರ

ಇವತ್ತು ಆಟದ ಕೊನೆ ಮುಟ್ಟಿದೆ.

ಮುಳುಗಿದ ದೋಣಿಯ ಆಚೆ ಒಂದು ಬಂಡೆ. ಅದರ ಕೆಳಗೆ ನೀರಿನಲ್ಲಿ ತೇಲುವ ಹಗ್ಗದ ತುದಿ, ಗಂಟು ಬಿಚ್ಚಿದ್ದು. ಮುಟ್ಟಿದ ಕೂಡಲೇ ಎಲ್ಲ ಕತ್ತಲಾಗುತ್ತದೆ, ಒಂದು ಹೆಂಗಸಿನ ದನಿ ಹೇಳುತ್ತದೆ: ಅವನು ತಾನೇ ಬಿಚ್ಚಿಕೊಂಡ. ಹುಡುಗಿ ಮೊದಲು ಮಾಡಿಟ್ಟ ಕೊನೆ ಅದು.

"ಸುಳ್ಳು!" ಅಂತ ನಾನು ಕೂಗಿದೆ. ಖಾಲಿ ಮನೆಯಲ್ಲಿ, ಕಣ್ಣಿಗೆ ಡಬ್ಬಿ ಕಟ್ಟಿಕೊಂಡು.

ಈಗ ಬರೆಯುತ್ತೇನೆ. ಗಾಳಿಯ ಹಾಗೆ, ಇದ್ದದ್ದು ಇದ್ದ ಹಾಗೆ.

1983, ಅಕ್ಟೋಬರ್ 23. ಗಾಳಿ ಇರಲಿಲ್ಲ. ಸಮುದ್ರ ಎಣ್ಣೆಯ ಹಾಗೆ ನಿಂತಿತ್ತು. ಗಂಟು ನಾನೇ ಕಟ್ಟಿದೆ, ಬೆನ್ನ ಹಿಂದೆ. ಲಜ್‌ಹರ್ "ಬಿಗಿಯಾಯ್ತು ಮಾರಾಯ, ನನ್ನನ್ನೇನು ಕುರಿ ಅಂದ್ಕೊಂಡ್ಯಾ?" ಅಂದ. ಇಳಿದ. ಹನ್ನೆರಡು ಮಾರು ಹಗ್ಗ ಹೋಯಿತು, ಆರು ದೋಣಿಯಲ್ಲಿ ಉಳಿಯಿತು.

ಯಂತ್ರದ ಬೆಲ್ಟು ಸವೆದಿತ್ತು. ಬದಲಿಸು ಅಂತ ಲಜ್‌ಹರ್ ಎರಡು ಸಲ ಹೇಳಿದ್ದ, ರಯೀಸ್ ಮುಂದಿನ ವಾರ ಅಂದಿದ್ದ. ಅದು ಹರಿಯಿತು. ಯಂತ್ರ ಕೆಮ್ಮಿ ನಿಂತಿತು. ರಯೀಸ್ ಅದರ ಮೇಲೆ ಬಗ್ಗಿದ. ನಾನು ಹಗ್ಗ ಎಳೆದೆ. ಬರಲಿಲ್ಲ. ಸಿಕ್ಕಿಕೊಂಡಿತ್ತು.

ಅವನು ಕೆಳಗಿನಿಂದ ಎಳೆದ. ಒಂದು. ಎರಡು. ಮುಖವಾಡ ನನ್ನ ಬಲಗಾಲಿನ ಪಕ್ಕ ಇತ್ತು. ನೀರು ನೋಡಿದೆ. ಚಿಕ್ಕವನಿದ್ದಾಗ ಅಪ್ಪ ಈಜು ಕಲಿಸಲು ನೀರಿಗೆ ಎಸೆದಿದ್ದ, ಎತ್ತುವುದು ತಡಮಾಡಿದ್ದ. ಅದು ನೆಪ. ಅವತ್ತು ನನ್ನ ಕಾಲು ಏಳಲಿಲ್ಲ ಅನ್ನುವುದಷ್ಟೇ ನಿಜ. ಅಂಗೈಯಲ್ಲಿ ಎಣಿಸಿದೆ. ಹನ್ನೊಂದು ಸಲ ಎಳೆದ. ಕೊನೆಯದು ಎಳೆತವೇ ಅಲ್ಲ, ಮಗು ಸೆರಗು ಹಿಡಿದ ಹಾಗೆ ಇತ್ತು. ಆಮೇಲೆ ಬರೀ ಹಗ್ಗದ ಭಾರ.

ಕೊಳವೆ ಎಳೆದರೆ ಸುಲಭವಾಗಿ ಬಂತು. ತುದಿಯಲ್ಲಿ ಅವನ ಬಾಯಿ ಇಲ್ಲ.

ಹಗ್ಗ ಸಿಕ್ಕಿಕೊಂಡಿತು ಅಂದರೆ ದ್ವೀಪದ ಚಿಕ್ಕ ಮಗುವೂ ಕೇಳುತ್ತದೆ, ನೀನು ಯಾಕೆ ಇಳಿಯಲಿಲ್ಲ? ಚಾಕು ತೆಗೆದೆ. ದೋಣಿಯಂಚಿನಲ್ಲೇ ಕೊಯ್ದೆ. ಅವನನ್ನು ಕಟ್ಟಿದ ಹಗ್ಗ ಅವನ ಜೊತೆಗೇ ಕೆಳಗೆ ಹೋಯಿತು. ರಯೀಸ್ ತಿರುಗಿ ನನ್ನ ಕೈಯಲ್ಲಿದ್ದ ತುಂಡು ನೋಡಿದ, ನನ್ನ ಮುಖ ನೋಡಿದ. "ಬಿಚ್ಕೊಂಡ" ಅಂದೆ. ಅವನು ತನ್ನ ಬೆಲ್ಟಿನ ಕಡೆ ಒಮ್ಮೆ ನೋಡಿ, "ಹೌದು, ಬಿಚ್ಕೊಂಡ" ಅಂದ. ಗಂಟು ಮುಂದೆ ಕಟ್ಟಿದ್ದೆ ಅಂತ ಊರಿಗೆ ಹೇಳಿದೆವು. ರಯೀಸ್ ಹೇಳಿದ ಮೇಲೆ ಯಾರು ಎದುರು ಕೇಳುತ್ತಾರೆ?

ಆ ಆರು ಮಾರು ಹಗ್ಗ ಎಸೆಯಲಾಗಲಿಲ್ಲ. ಕಟ್ಟಿಡಲೂ ಆಗಲಿಲ್ಲ. ಅಂಗಳದಲ್ಲಿ ಕಟ್ಟಿದೆ. ಎಲ್ಲರ ಕಣ್ಣೆದುರಿಗಿದ್ದರೆ ಯಾರೂ ನೋಡುವುದಿಲ್ಲ.

ನವೆಂಬರ್ 30, ಬುಧವಾರ

ಮೂಡಣ ಗಾಳಿ.

ಊರಿಗೆ ಊರೇ ಸಾಸಿಯ ಅಂಗಡಿಯ ಟೀವಿ ಮುಂದೆ. ನಮ್ಮವರು ವಿಶ್ವಕಪ್ಪಿನಲ್ಲಿ ಫ್ರಾನ್ಸಿನ ಮೇಲೆ ಫುಟ್‌ಬಾಲ್ ಆಡುತ್ತಿದ್ದರು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಹಗ್ಗವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮಬ್ರೂಕಾಳ ಮನೆಗೆ ಹೋದೆ.

ಅವಳು ಬಾದಾಮಿ ಒಡೆಯುತ್ತಿದ್ದಳು. ಯುಸ್ರಾ ಕಿಟಕಿಯ ಹತ್ತಿರ ಕಂಪ್ಯೂಟರ್ ಇಟ್ಟುಕೊಂಡಿದ್ದಳು. ನನ್ನ ಕೈ ನೋಡಿದವಳೇ ಅದನ್ನು ಮುಚ್ಚಿದಳು.

ಹಗ್ಗವನ್ನು ಮಬ್ರೂಕಾಳ ಮಡಿಲಿಗಿಟ್ಟೆ.

"ಏನಿದು?"

"ಲಜ್‌ಹರಂದು. ಅವನು ಬಿಚ್ಕೊಳ್ಳಲಿಲ್ಲ. ಸಿಕ್ಕಾಕ್ಕೊಂಡಿತ್ತು. ನಾನು ಇಳೀಲಿಲ್ಲ. ಕೊಯ್ದೆ."

ಬರೆದದ್ದಷ್ಟನ್ನೂ ಹೇಳಿದೆ. ಬೆಲ್ಟು, ಮುಖವಾಡ, ಹನ್ನೊಂದು. ಯುಸ್ರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಬ್ರೂಕಾ ಹಗ್ಗದ ತುದಿಗೆ ನಾನು ಸುತ್ತಿದ್ದ ನೂಲನ್ನು ಉಗುರಿನಿಂದ ಬಿಡಿಸಿದಳು. ಒಳಗೆ ಕೊಯ್ದ ಎಳೆಗಳು, ಒಂದೇ ಸಮ.

"ಇದರ ಮೇಲೆ ಆಕ್ಟೋಪಸ್ ಒಣಹಾಕ್ತಿದ್ದೆ ನೀನು."

"ಹೌದು."

"ಹಬ್ಬಕ್ಕೆ ನಮ್ಮನೆಗೂ ಕೊಡ್ತಿದ್ದೆ."

"ಹೌದು."

"ತಿಂದೆ ನಾನು" ಅಂದಳು.

ಆಗ ಊರೆಲ್ಲ ಒಮ್ಮೆಲೇ ಕೂಗಿತು. ಗೋಲು. ತಟ್ಟೆ ಬಡಿದರು, ದೋಣಿಗಳ ಹಾರ್ನು ಒತ್ತಿದರು, ಯಾರೋ ನಮ್ಮ ಬೀದಿಯುದ್ದಕ್ಕೂ ಅರಚುತ್ತಾ ಓಡಿದ. ಅದು ನಿಲ್ಲುವ ತನಕ ಮಬ್ರೂಕಾ ಕಾದಳು.

"ದಿನಾ ಬೈದೆ ಅವನನ್ನ. ಏಳುವಾಗ ಬೈದೆ, ಒಲೆ ಹಚ್ಚುವಾಗ ಬೈದೆ. ಒಂದು ದಿನ, ಒಂದೇ ಒಂದು ದಿನ, ದೇವರು ನಿಂಗೆ ಕರುಣೆ ತೋರಲಿ ಅನ್ನಲಿಲ್ಲ. ಮಗಳಿಗೂ ಹೇಳಿಕೊಡ್ಲಿಲ್ಲ. ಹೆಂಡತಿ ಬಾಯಿಂದ ಒಂದು ಮಾತಿಲ್ಲದೆ ಅವನು ಅಲ್ಲಿ ಬಿದ್ದಿದಾನೆ."

"ಲಲ್ಲಾ, ಕ್ಷಮೆ ಕೇಳೋಕೆ ನಾನು..."

"ಕೇಳಿದ್ರೂ ಇಲ್ಲ." ದನಿ ಏರಲೇ ಇಲ್ಲ. "ಯುಸ್ರಾ, ಎಷ್ಟು ದಿನ ಆಯ್ತೇ?"

ಹುಡುಗಿ ಅಳುತ್ತಲೇ ಫೋನಿನಲ್ಲಿ ನೋಡಿದಳು. ಹದಿನಾಲ್ಕು ಸಾವಿರದ ಇನ್ನೂರ ಎಂಬತ್ತಮೂರು.

"ನಾನು ಹೇಳದೇ ಹೋದದ್ದು ನೀನು ಹೇಳು ಖ್ಮೈಸ್. ಕಳೆದ ಒಂದೊಂದು ದಿನಕ್ಕೂ ಒಂದೊಂದು, ಅಷ್ಟನ್ನೂ. ಅವನ ಹೆಸರು ಹಿಡಿದು. ಮುಗಿಯೋ ತನಕ ಸಾಯ್ಬೇಡ. ಈಗ ಏಳು."

ಹೊರಗೆ ಬಂದಾಗ ಸಾಸಿ ಬಾವುಟ ಹೊದ್ದುಕೊಂಡು ನಿಂತಿದ್ದ. "ಗೆದ್ವಿ ಕಣೋ! ಆದ್ರೂ ಹೊರಗೆ. ಗೆದ್ರೂ ಮನೆಗೇ ಬರ್ಬೇಕಂತೆ!" ಅಂದ. ನನ್ನ ಮುಖ ನೋಡಿ, "ಏನಾಯ್ತೋ?" ಅಂತ ಕೇಳಿದ. ಅವನಿಗೂ ಹೇಳಿದೆ. ಭುಜದಿಂದ ಬಾವುಟ ತೆಗೆದು ಮಡಚಿದ.

ಡಿಸೆಂಬರ್ 2, ಶುಕ್ರವಾರ

ಬಡಗಣ ಗಾಳಿ.

ಹಗ್ಗವನ್ನು ಸೀದಿ ಖಲೀಫನ ಗೋಡೆಗೆ ಹಾಕಿದರು. ಮಬ್ರೂಕಾ ತಾನೇ ಮೊಳೆ ಹೊಡೆದಳಂತೆ. ಸ್ಫಾಕ್ಸಿನಿಂದ ಮಗಳು ಬಂದಿದ್ದಳು. ನಾನು ಒಳಗೆ ಹೋಗಲಿಲ್ಲ, ತಾಳೆಮರದ ಹತ್ತಿರ ನಿಂತಿದ್ದೆ. ಒಳಗಿನಿಂದ ಎಲ್ಲರ ದನಿ ಒಟ್ಟಿಗೆ ಬಂತು, ಅವನ ಹೆಸರು, ಆಮೇಲೆ ಕರುಣೆಯ ಮಾತು. ಹೆಂಗಸರ ದನಿ, ಸಾಸಿಯ ಒಡಕು ದನಿ.

ಸಾಸಿಯ ಅಂಗಡಿಯಲ್ಲಿ ಕೂತೆ. ಕಾಫಿ ಬರಲಿಲ್ಲ. ಅರ್ಧ ಗಂಟೆ ಕಾದು ಎದ್ದೆ. ಬಯ್ಯಲಿಲ್ಲ. ಬಯ್ಯುವುದು ನೆನಪಾಗಲಿಲ್ಲ.

ಇಲ್ಲಿಯ ತನಕ ಹೇಳಿದ್ದು ನೂರ ಹದಿನಾರು.

ಡಿಸೆಂಬರ್ 11, ಭಾನುವಾರ

ಗಾಳಿ ಇಲ್ಲ. ಒಂದು ಸಾವಿರದ ನಾಲ್ಕು.

ಯುಸ್ರಾ ನಾಳೆ ಹೋಗುತ್ತಾಳೆ. ಡಬ್ಬಿ ತಗೊಂಡು ಹೋಗಲು ಬಂದಳು. ಅಜ್ಜಾ ಅನ್ನಲಿಲ್ಲ. "ಕೊನೆ ಬದಲಾಯಿಸಿದೀನಿ. ನೋಡಿ" ಅಂದಳು, ಅಷ್ಟೆ.

ಈಗ ಆಟದಲ್ಲಿ ನಾನು ದೋಣಿಯಲ್ಲಿದ್ದೇನೆ. ಹಗ್ಗ ನನ್ನ ಕೈಯಲ್ಲಿದೆ. ಯಂತ್ರ ಕೆಮ್ಮುವ ಮುದುಕನ ಹಾಗೆ ಕೆಮ್ಮಿ ನಿಂತಿತು. ಕೆಳಗಿನಿಂದ ಎಳೆದ ಹಾಗೆ ಕೈಯಲ್ಲಿದ್ದ ಹಿಡಿ ಅದುರಿತು. ಒಂದು. ಎರಡು. ಕಾಲ ಹತ್ತಿರ ಮುಖವಾಡ. ಹಾಕಿಕೊಂಡೆ. ಹಾರಿದೆ.

ಹಸಿರು ದಾಟಿದೆ, ಬೂದಿ ದಾಟಿದೆ. ಕೆಳಗೆ ಅವನು ಬೆನ್ನು ಹಾಕಿ ಇದ್ದ. ಗಂಟು ಬೆನ್ನ ಹಿಂದೆ, ಸರಿಯಾದ ಕಡೆ. ಹಗ್ಗ ಬಂಡೆಯ ಮೂತಿಗೆ ಸುತ್ತಿಕೊಂಡಿತ್ತು. ಒಂದು ಸುತ್ತು. ಕೈಯಿಂದ ಎತ್ತಿ ಆಚೆ ದಾಟಿಸಿದೆ. ಬಿಟ್ಟಿತು. ಅಷ್ಟೇ. ಅವನು ಮೇಲಕ್ಕೆ ಹೋದ, ಬೆಳಕಿನ ಕಡೆಗೆ, ಕಾಲು ಆಡಿಸುತ್ತಾ. ನಾನು ಕೆಳಗೆ ಉಳಿದೆ.

ಡಬ್ಬಿ ತೆಗೆದಾಗ ಅವಳು ನನ್ನನ್ನೇ ನೋಡುತ್ತಿದ್ದಳು.

"ಒಂದೇ ಸುತ್ತಾ?" ಅಂದೆ.

"ಹೇಗೆ ಸಿಕ್ಕಾಕ್ಕೊಂಡಿತ್ತು ಅಂತ ಯಾರಿಗೂ ಗೊತ್ತಿಲ್ಲ. ಬಿಡಿಸೋಕೇ ಆಗದ ಹಾಗೂ ಇದ್ದಿರಬಹುದು. ಹಾಗೂ ಮಾಡಬಹುದಿತ್ತು ನಾನು" ಅಂದಳು. ಡಬ್ಬಿಯ ಪಟ್ಟಿ ಸುತ್ತಿ ಚೀಲಕ್ಕೆ ಹಾಕಿದಳು. "ಸುಲಭ ಇರಲಿ ಅಂತ ಮಾಡಿದೆ."

ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು.

ಡಿಸೆಂಬರ್ 21, ಬುಧವಾರ

ಬಡಗಣ ಗಾಳಿ, ನೀರು ಕೊರೆಯುತ್ತದೆ. ಎರಡು ಸಾವಿರದ ನೂರ ಐವತ್ತು.

ಈ ವಾರ ಗಡಿಗೆಗಳನ್ನು ನಡೆದುಕೊಂಡೇ ಹೋಗಿ ನೋಡಿದೆ. ದೋಣಿಗೆ ಡೀಸೆಲ್ ಇಲ್ಲ, ಅದಕ್ಕೆ. ಸೋಮವಾರ ಮೊಣಕಾಲು, ನಿನ್ನೆ ಸೊಂಟ, ಇವತ್ತು ಎದೆ. ಗೋರಿಯ ಹತ್ತಿರದ ದಂಡೆಯಿಂದ ಮಬ್ರೂಕಾ ನೋಡುತ್ತಿದ್ದಳು. ಕರೆಯಲಿಲ್ಲ, ಹೋಗಲೂ ಇಲ್ಲ.

ಮೂಗು ಹಿಡಿದು ತಲೆ ಮುಳುಗಿಸಿದೆ. ಕಣ್ಣು ಬಿಟ್ಟೆ. ಹಸಿರು. ಹುಡುಗಿ ಬಣ್ಣ ಸರಿಯಾಗಿಯೇ ಮಾಡಿದ್ದಾಳೆ. ನೀರೊಳಗೆ ಬಾಯಿ ತೆರೆಯಲಾಗುವುದಿಲ್ಲ, ಮನಸ್ಸಿನಲ್ಲೇ ಹೇಳಿದೆ. ಲಜ್‌ಹರ್, ದೇವರು ಅವನಿಗೆ ಕರುಣೆ ತೋರಲಿ. ಒಂದು. ಲಜ್‌ಹರ್, ದೇವರು ಅವನಿಗೆ ಕರುಣೆ ತೋರಲಿ. ಎರಡು. ಎದೆ ಒಡೆಯುವ ಹಾಗಾಗಿ ಮೇಲೆ ಬಂದಾಗ ಏಳಾಗಿತ್ತು.

ಅವನು ಹನ್ನೊಂದು ಸಲ ಎಳೆದಿದ್ದ. ಇನ್ನೂ ನಾಲ್ಕಿವೆ. ನಾಳೆ ಮತ್ತೆ ಇಳಿಯಬೇಕು.